ಬ್ಯಾರನ್ದು ಬ್ಯಾರನ್‌ಗೆ

ಹುಣಸೂರಿನ ಹತ್ತಿರ ನಮ್ಮ ಪಕ್ಕದ ಹೊಲದವರೊಬ್ಬರಿದ್ದರು. ಹೊಗೆಸೊಪ್ಪು ಬೆಳೆದು, ಮನೆಯ ಹಿಂದಿನ ಬ್ಯಾರನ್ನಿನಲ್ಲಿ, ಅಂದರೆ ಸೊಪ್ಪು ಒಣಗಿಸುವ ಗೂಡಿನಲ್ಲಿ, ಬೆಂಕಿ ಕೊಟ್ಟು, ಹಸಿರೆಲೆ ಹಳದಿಯಾಗುವ ತನಕ ಹದ ಮಾಡುತ್ತಿದ್ದರು. ಬಿಡುವಿನಲ್ಲಿ ಊರಿಗೆಲ್ಲ ನೆಮ್ಮದಿ ಹಂಚುತ್ತಿದ್ದರು. ಮೊಬೈಲಿನಲ್ಲಿ ಕೆಲಸ ಬೇರೆ, ಸಂಸಾರ ಬೇರೆ ಎನ್ನುವ ಯಾರದೋ ಭಾಷಣ ಕೇಳಿದ ಮೇಲಂತೂ, ಟೀ ಅಂಗಡಿಯಲ್ಲಿ ಯಾರಾದರೂ ನಿಟ್ಟುಸಿರು ಬಿಟ್ಟರೆ ಸಾಕು, ಇವರ ಕೈ ಹೆಗಲ ಮೇಲೆ ಬೀಳುತ್ತಿತ್ತು.

"ಟೆನ್ಸನ್ ತಕಬ್ಯಾಡ ಕಣ್ಲಾ. ಬ್ಯಾರನ್ದು ಬ್ಯಾರನ್‌ಗೆ, ಮನೇದು ಮನೆಗೆ. ಎರಡೂ ಬೆರೆಸಬಾರ್ದು."

ಹೀಗೆ ಹೇಳುವಾಗಲೂ ಕಣ್ಣು ಮಾತ್ರ ದೂರದ ಬ್ಯಾರನ್ನಿನ ಹೊಗೆಯ ಮೇಲೇ ಇರುತ್ತಿತ್ತು. ಬೆರಳುಗಳು ಕೈಯಲ್ಲಿಲ್ಲದ ಎಲೆಯೊಂದನ್ನು ಉಜ್ಜುತ್ತಲೇ ಇರುತ್ತಿದ್ದವು.

ಸೊಪ್ಪು ಹದ ಮಾಡುವ ಕಾಲದಲ್ಲೇ ಮಗಳ ವೀಳ್ಯಶಾಸ್ತ್ರ ಬಂತು. ಬೀಗರು ಕೆ.ಆರ್. ನಗರದ ಕಡೆ ಭತ್ತ ಬೆಳೆಯುವವರು. ಗಂಡಿನ ತಂದೆ ತಟ್ಟೆಯಿಂದ ವೀಳ್ಯದೆಲೆ ಎತ್ತಿ ಇವರ ಕೈಗಿಟ್ಟರು. ಅದನ್ನು ಕಣ್ಣಿಗೊತ್ತಿಕೊಂಡರೆ ಸಂಬಂಧ ಕುದುರಿದಂತೆ. ಇವರು ಎಲೆಯನ್ನು ಬೆಳಕಿಗೆ ಹಿಡಿದರು, ಉಜ್ಜಿದರು, ಮೂಸಿದರು.

"ಇನ್ನೂ ಅಸ್ರು ಐತೆ. ವಾಪಸ್ ಒಳಕ್ಕಾಕಿ," ಎಂದರು.

ಬೀಗರು ಮುಖ ಕೆಂಪಗೆ ಮಾಡಿಕೊಂಡು ಎದ್ದರು. ಇವರ ಹೆಂಡತಿ ಗಂಡನ ಕೈಯಿಂದ ಎಲೆ ಕಿತ್ತುಕೊಂಡು ತಾವೇ ಕಣ್ಣಿಗೊತ್ತಿಕೊಂಡರು.

"ಕೂತ್ಕಳಿ ಬೀಗ್ರೇ. ಅವ್ರು ಬ್ಯಾರನ್ ಜ್ಞಾನದಲ್ಲವ್ರೆ. ಬ್ಯಾರನ್ದು ಬ್ಯಾರನ್‌ಗೆ, ಮನೇದು ಮನೆಗೆ."

ಬೀಗರು ಕೂತರು. ಇವರು ಅವರತ್ತ ಬಾಗಿ, ಹೆಮ್ಮೆಯಿಂದ ಹೇಳಿದರು: "ಆ ಮಾತ್ನ ಇವ್ಳಿಗೆ ನಾನೇ ಕಲ್ಸಿದ್ದು."