ಬಾಲಿಕಾಟನ್ ಬಸ್ಸಿಗೆ ಕೈ ಅಡ್ಡ ಹಿಡಿದದ್ದು

ಬಸ್ಸು ನಿಲ್ಲಲೇ ಇಲ್ಲ. ಸ್ಟಾಪಿನ ಕಂಬದ ಪಕ್ಕದಲ್ಲೇ ನಾನೂ ಅಕ್ಕನೂ ನಿಂತಿದ್ದೆವು. ಡ್ರೈವರ್ ನಮ್ಮನ್ನು ಕಣ್ಣಾರೆ ನೋಡಿದ, ಸ್ಟೀರಿಂಗ್ ಮೇಲಿನ ಒಂದು ಬೆರಳು ಎತ್ತಿದ, ಪರಿಚಯದವನಂತೆ ತಲೆಯಾಡಿಸಿದ, ಹೊರಟೇಹೋದ. ನಾನು ಪೆಚ್ಚಾಗಿ ನಕ್ಕೆ. ಮುಂದಿನ ಬಸ್ಸಿಗೆ ಎರಡು ಗಂಟೆಗೂ ಹೆಚ್ಚು ಹೊತ್ತಿತ್ತು.

"ಇದೇನಾ ನಿಮ್ಮ ಯುರೋಪು?" ಅಂದಳು ಅಕ್ಕ.

ರೇಷ್ಮಾ ಅಕ್ಕ ದಾವಣಗೆರೆಯಲ್ಲಿ ಹೈಸ್ಕೂಲ್ ಮೇಡಂ. ಬೇಸಿಗೆ ರಜೆಯಲ್ಲಿ ಐರ್ಲೆಂಡ್ ನೋಡಲೆಂದು ಬಂದಿದ್ದಳು. ನೋಡಲು ಬಂದದ್ದು ಐರ್ಲೆಂಡನ್ನಲ್ಲ, ನನ್ನನ್ನು ಅನ್ನುವುದು ನನಗೂ ಗೊತ್ತಿತ್ತು. ಫೋನಿನಲ್ಲಿ ನಾನು "ಚೆನ್ನಾಗಿದೀನಿ" ಅನ್ನುವ ರೀತಿಯಲ್ಲೇ ಏನೋ ಸರಿಯಿಲ್ಲ ಅಂತ ಅಮ್ಮಿಗೆ ಅನಿಸಿ, ಇವಳನ್ನು ಅಟ್ಟಿದ್ದಳು.

ಅನುಮಾನ ಸುಳ್ಳಲ್ಲ. ನನ್ನ ಗಂಡ ಸಾದಿಕ್ ಲಿಟಲ್ ಐಲ್ಯಾಂಡ್ ಅನ್ನುವ ಪಕ್ಕದೂರಿನ ಒಂದು ಔಷಧ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ಗುತ್ತಿಗೆ ಮುಗಿಯುತ್ತಾ ಬಂದಿತ್ತು. ಕಾಯಂ ಆಗುತ್ತೀರಾ ಎಂದು ಕೇಳಿದ್ದರು. "ನಿನಗೆ ಬೇಡ ಅಂದ್ರೆ ವಾಪಸ್ ಹೋಗೋಣ. ನೀನು ಹೆಂಗೆ ಹೇಳ್ತೀಯೋ ಹಂಗೆ," ಅಂದಿದ್ದರು ಸಾದಿಕ್. ಅಕ್ಕ ಬಂದು ಹೋಗಲಿ, ಆಮೇಲೆ ಹೇಳುತ್ತೇನೆ ಎಂದು ನಾನು ಮುಂದಕ್ಕೆ ತಳ್ಳಿದ್ದೆ. ಒಳಗೊಳಗೇ ಅಕ್ಕನ ಜೊತೆಗೇ ಟಿಕೆಟ್ ಮಾಡಿಸುವ ಯೋಚನೆಯೂ ಇತ್ತು.

ನಾವಿರುವುದು ಮಿಡಲ್ಟನ್, ಕಾರ್ಕ್ ನಗರದಾಚೆಯ ಸಣ್ಣ ಊರು. ಈ ಮನೆ ಸಿಗುವುದಕ್ಕೆ ರೇಷನ್ ಅಂಗಡಿ ಮುಂದೆ ನಿಂತ ಹಾಗೆ ಎಷ್ಟೋ ಮನೆಗಳ ಮುಂದೆ ಸಾಲಿನಲ್ಲಿ ನಿಂತಿದ್ದೇವೆ. ಮನೆ ಸಿಕ್ಕ ಮೇಲೆ ನಾನು ಕಲಿತ ಮೊದಲ ಪಾಠ ಇಮ್ಮರ್ಷನ್. ಅಂದರೆ ಸ್ನಾನದ ನೀರು ಕಾಯಿಸುವ ಸ್ವಿಚ್ಚು. ಅದನ್ನು ಆರಿಸದೆ ಹೊರಗೆ ಹೋಗುವುದು ನಮ್ಮಲ್ಲಿ ಗ್ಯಾಸ್ ಆರಿಸದೆ ಮದುವೆಗೆ ಹೋದಷ್ಟೇ ದೊಡ್ಡ ಅಪರಾಧ. ಹೀಗೆ ಒಂದೊಂದೇ ಕಲಿಯುತ್ತಾ ನಾನು ವಿಪರೀತ ಸಭ್ಯಳಾಗಿಬಿಟ್ಟೆ. ಅಂಗಡಿಯಲ್ಲಿ ಯಾರಾದರೂ ನನ್ನ ಕಾಲು ತುಳಿದರೂ ಸಾರಿ ಕೇಳುವವಳು ನಾನೇ. ಕಾರು ಸಾದಿಕ್ ಜೊತೆ ಹೋಗುತ್ತದೆ. ಬಸ್ಸಿನಲ್ಲಿ ಏನಾದರೂ ತಪ್ಪು ಮಾಡಿದರೆ ಅಂತ ಹೆದರಿ ಒಂದೂವರೆ ವರ್ಷ ಒಬ್ಬಳೇ ಎಲ್ಲಿಗೂ ಹೋಗಿರಲಿಲ್ಲ. ಸಮುದ್ರ ಪಕ್ಕದಲ್ಲೇ ಇದ್ದರೂ ನೋಡಿದ್ದು ಮೊಬೈಲಿನಲ್ಲಿ.

ನಾವು ಬೆಪ್ಪಾಗಿ ನಿಂತಿದ್ದಾಗ ನಾಯಿ ಹಿಡಿದುಕೊಂಡು ಒಬ್ಬ ಅಜ್ಜಿ ಬಂದರು. ಬಸ್ಸು ನಿಲ್ಲಿಸಲಿಲ್ಲ ಅಂದೆ. "ಕೈ ಅಡ್ಡ ಹಿಡಿದ್ಯೇನಮ್ಮಾ?" ಅಂತ ಕೇಳಿದರು. ಇಲ್ಲ ಅಂದೆ. ಕೈ ಅಡ್ಡ ಹಿಡಿಯದಿದ್ದರೆ ನೀವು ಸುಮ್ಮನೆ ನಿಂತಿದ್ದೀರಿ ಅಂತ ಅಂದುಕೊಳ್ಳುತ್ತಾನೆ, ಅವನ ತಪ್ಪಲ್ಲ ಎಂದು ತಿಳಿಸಿ, "ಗ್ರ್ಯಾಂಡ್, ಇನ್ನೊಂದು ಬರುತ್ತೆ," ಅಂತ ಹೋದರು. ಗ್ರ್ಯಾಂಡ್ ಅಂದರೆ ನಮ್ಮಲ್ಲಿ ಸಾಹುಕಾರರ ಮನೆ ಮದುವೆ. ಇಲ್ಲಿ ಬಸ್ಸು ತಪ್ಪಿದರೂ ಗ್ರ್ಯಾಂಡ್, ಮಳೆ ಬಂದರೂ ಗ್ರ್ಯಾಂಡ್. ಪರವಾಗಿಲ್ಲ ಬಿಡು ಅನ್ನುವುದಕ್ಕೆ ಇವರ ಮಾತು ಅದು.

ನಾನು ಅಜ್ಜಿಯ ಮಾತನ್ನು ಕನ್ನಡದಲ್ಲಿ ಹೇಳಿದ್ದೇ ತಡ, ಅಕ್ಕ ನನ್ನನ್ನೇ ದುರುಗುಟ್ಟಿ ನೋಡಿದಳು.

"ಬೆಂಗಳೂರಲ್ಲಿ ಹೊರಟಿದ್ದ ಬಸ್ಸಿನ ಬೆನ್ನಿಗೆ ಗುದ್ದಿ ನಿಲ್ಲಿಸ್ತಿದ್ದವಳು ನೀನು. ಇಲ್ಯಾಕೆ ಬಟ್ಟೆ ಅಂಗಡಿ ಗೊಂಬೆ ಥರ ನಿಂತಿದ್ದೆ?"

"ಇಲ್ಲಿ ಎಲ್ಲ ಶಿಸ್ತು ಅಕ್ಕ. ಕೈ ಬೀಸೋದು ಅಸಭ್ಯ ಅನ್ಕೊಂಡೆ."

"ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಅದನ್ನು ಒಪ್ಪಿಕೊಳ್ಳುವಾಗ ನನಗೆ ಅಳುವೇ ಬಂತು. ದಿನವೆಲ್ಲ ಮನೆಯಲ್ಲಿ ಒಬ್ಬಳೇ ಇರುವುದು, ಬೆಂಗಳೂರಿನ ಲ್ಯಾಬ್ ಟೆಕ್ನಿಷಿಯನ್ ಕೆಲಸ ಬಿಟ್ಟು ಬಂದ ಸಂಕಟ, ವಾಪಸ್ ಹೋಗುವ ಯೋಚನೆ, ಎಲ್ಲವನ್ನೂ ಆ ಕಂಬದ ಕೆಳಗೇ ಹೇಳಿಬಿಟ್ಟೆ. ಅಕ್ಕ ನಡುವೆ ಬಾಯಿ ಹಾಕಲಿಲ್ಲ.

ಕೊನೆಗೆ ಅಂದಳು, "ಬಾ ನನ್ನ ಜೊತೆ, ಬೇಡ ಅನ್ನಲ್ಲ. ಆದ್ರೆ ಈ ದೇಶ ನಿನಗೆ ಹಿಡಿಸಲಿಲ್ಲ ಅಂತ ಮಾತ್ರ ಹೇಳ್ಬೇಡ. ನೀನು ಈ ದೇಶ ನೋಡೇ ಇಲ್ಲ."

ನನಗೆ ಸಿಟ್ಟು ಬಂತು.

ಎರಡನೇ ಬಸ್ಸು ತಿರುವಿನಲ್ಲಿ ಕಂಡದ್ದೇ ತಡ, ರಸ್ತೆಯ ಅಂಚಿಗೆ ಹೋಗಿ, ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಹಿಡಿಯುವ ಹಾಗೆ ತೋಳು ಪೂರ್ತಿ ಚಾಚಿ, ಜೋರಾಗಿ ಬೀಸಿದೆ. ಬಸ್ಸು ನಿಂತಿತು. ಬಾಗಿಲು ತೆರೆದ ಡ್ರೈವರ್, "ಕಾಣಿಸ್ತು ಕಾಣಿಸ್ತು, ವಿಮಾನ ಇಳಿಸೋ ಹಾಗೆ ಕೈ ಬೀಸ್ತಿದ್ರಿ," ಅಂತ ನಕ್ಕ. ನಾನೂ ನಕ್ಕೆ. ಬಾಲಿಕಾಟನ್‌ಗೆ ಎರಡು ಟಿಕೆಟ್ ಕೇಳಿದೆ. ದಾರಿಯುದ್ದಕ್ಕೂ ಇಳಿಯುವವರೆಲ್ಲ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಿದ್ದರು. ನಮ್ಮಲ್ಲಿ ಕಂಡಕ್ಟರ್ ಜೊತೆ ಚಿಲ್ಲರೆಗೆ ಜಗಳ ಆಡಿ ಇಳಿದೇ ಅಭ್ಯಾಸ. ಅಕ್ಕ ಇಳಿಯುವಾಗ ಎರಡು ಸಲ ಥ್ಯಾಂಕ್ಸ್ ಹೇಳಿದಳು.

ಬಾಲಿಕಾಟನ್ ಮೀನುಗಾರರ ಊರು. ಊರು ಮುಗಿದಲ್ಲಿಂದ ಬಂಡೆಯ ಅಂಚಿನಲ್ಲೇ ಕಾಲುದಾರಿ, ಕೆಳಗೆ ಸಮುದ್ರ, ಎದುರಿಗೆ ಸಣ್ಣ ದ್ವೀಪದ ಮೇಲೆ ಕಪ್ಪು ದೀಪಸ್ತಂಭ. ಗಾಳಿಗೆ ನಮ್ಮ ದುಪಟ್ಟಾಗಳು ತಲೆಯ ಮೇಲೆ ನಿಲ್ಲಲಿಲ್ಲ. ಒಂದು ಬೆಂಚಿನ ಮೇಲೆ ಕೂತು, ಅಕ್ಕ ಸೂಟ್‌ಕೇಸ್ ತುಂಬ ತಂದಿದ್ದ ಮಂಡಕ್ಕಿಗೆ ಈರುಳ್ಳಿ, ಹಸಿಮೆಣಸು, ನಿಂಬೆ ಹಾಕಿ ಕಲಸಿದೆವು. ಅರ್ಧ ಮಂಡಕ್ಕಿಯನ್ನು ಗಾಳಿ ತಿಂದಿತು. ಪಕ್ಕದಲ್ಲಿ ಕೂತಿದ್ದ ಗಂಡಹೆಂಡತಿಯನ್ನು ನಾನೇ ಮಾತಾಡಿಸಿ ಒಂದು ಹಿಡಿ ಕೊಟ್ಟೆ. ಆ ಹೆಂಗಸು ಖಾರಕ್ಕೆ ಕಣ್ಣಲ್ಲಿ ನೀರು ತುಂಬಿಕೊಂಡು "ಗ್ರ್ಯಾಂಡ್, ಗ್ರ್ಯಾಂಡ್" ಅಂದರು, ಇನ್ನೊಂದು ಹಿಡಿಯನ್ನೂ ಕೇಳಿದರು. ನಾನು ಖುಷಿಯಾಗಿದ್ದೆ. ಎಷ್ಟೋ ದಿನದ ಮೇಲೆ, ಯಾರಿಗೂ ತೋರಿಸಿಕೊಳ್ಳುವುದಕ್ಕಲ್ಲದೆ ಖುಷಿಯಾಗಿದ್ದೆ.

ಆಮೇಲೆ ನಾವು ಸುತ್ತಿದ್ದೇ ಸುತ್ತಿದ್ದು. ರೈಲಿನಲ್ಲಿ ಕೋವ್, ಬಸ್ಸಿನಲ್ಲಿ ಕಿನ್ಸೇಲ್. ಒಮ್ಮೆ ತಪ್ಪು ಬಸ್ಸು ಹತ್ತಿ, ಹೆಸರೇ ಗೊತ್ತಿಲ್ಲದ ಹಳ್ಳಿಯಲ್ಲಿ ಇಳಿದು ಚಹಾ ಕುಡಿದು ಬಂದೆವು. ಅಕ್ಕ ಹೊರಡುವ ಹಿಂದಿನ ದಿನ ಸಾದಿಕ್‌ಗೆ ಹೇಳಿದೆ: "ಕಾಯಂ ಆಗ್ತೀನಿ ಅಂತ ಹೇಳ್ಬಿಡಿ. ನಾನೂ ಇಲ್ಲೇ ಲ್ಯಾಬ್ ಕೆಲಸ ಹುಡುಕ್ತೀನಿ." ಅವರು ನನ್ನ ಮುಖ ನೋಡಿ, "ಅಕ್ಕ ಒತ್ತಾಯ ಮಾಡಿದ್ರಾ?" ಅಂತ ಕೇಳಿದರು. ಅಕ್ಕ ಪಕ್ಕದಲ್ಲೇ ಬಟ್ಟೆ ಮಡಚುತ್ತಿದ್ದವಳು, "ನನಗ್ಯಾಕಪ್ಪಾ ಈ ಗ್ರಹಚಾರ? ಇವಳು ಬರ್ತಾಳೆ ಅಂತ ಕೋಣೆ ಖಾಲಿ ಮಾಡಿಸಿಟ್ಟು ಬಂದಿದ್ದೆ," ಅಂದಳು. ನಗುತ್ತಲೇ ಅಂದಳು, ಆದರೆ ತಲೆ ಎತ್ತಲಿಲ್ಲ.

ಅಮ್ಮಿಗೆ ಹೇಳುವ ಕೆಲಸವನ್ನು ಅವಳು ಒಪ್ಪಿಕೊಳ್ಳಲಿಲ್ಲ. ವಿಮಾನ ನಿಲ್ದಾಣದಿಂದ ಬಂದ ಮೇಲೆ ನಾನೇ ಫೋನ್ ಮಾಡಿದೆ. ಇಲ್ಲೇ ಇರ್ತೀವಿ ಅಮ್ಮಿ, ಅಂದೆ. ಅಮ್ಮಿ ಬೈಯಲಿಲ್ಲ, ಅಳಲಿಲ್ಲ. ಇಷ್ಟು ದಿನ ಪ್ರತಿ ಫೋನಿನಲ್ಲೂ "ಯಾವಾಗ ವಾಪಸ್ ಬರ್ತೀಯ?" ಅಂತ ಕೇಳುತ್ತಿದ್ದವಳು, ಅವತ್ತು "ಬಂದ್ರೆ ಎಷ್ಟು ದಿನಕ್ಕೆ ಬರ್ತೀಯ?" ಅಂದಳು. ನೆಂಟರನ್ನು ಕೇಳುವ ಮಾತು ಅದು.

"ಒಂದು ತಿಂಗಳು," ಅಂದೆ.

"ಅಷ್ಟೇನಾ?"

ನನಗೂ ಕಡಿಮೆ ಅನಿಸಿತು. ಎರಡು ತಿಂಗಳು ಅನ್ನಲು ಬಾಯಿ ತೆರೆದೆ. ಅಷ್ಟು ದಿನ ಈ ಊರು ಬಿಟ್ಟಿರಬೇಕಲ್ಲ ಅನಿಸಿ, ಸುಮ್ಮನಾದೆ.