ಅಕ್ಕ ಹಾಕಿಕೊಂಡ ಪಡುವಣ ಗಡಿ

ಜಲಪಾತಗಳು ಮಳೆಗಾಲದಲ್ಲಿ ಮಾತ್ರ ಮೈದುಂಬಿ ಬೀಳುತ್ತವೆ ಎಂಬುದು ನಮ್ಮ ಮನೆತನಕ್ಕೆ ನಿಸರ್ಗ ಮಾಡಿದ ದೊಡ್ಡ ಅನ್ಯಾಯ. ನಾವು ಜೈನರು. ಮಳೆಗಾಲದ ನಾಲ್ಕು ತಿಂಗಳು ನಮಗೆ ಚಾತುರ್ಮಾಸ. ಆಗ ನೆಲದ ತುಂಬ ಹುಳಹುಪ್ಪಡಿ, ಕಾಲಿಟ್ಟಲ್ಲಿ ಒಂದು ಜೀವ ಹೋಗುತ್ತದೆ ಎಂದು ಮುನಿಗಳು ಒಂದೇ ಊರಿನಲ್ಲಿ ನಿಂತುಬಿಡುತ್ತಾರೆ. ಸಂಸಾರಸ್ಥರಿಗೆ ಅಷ್ಟು ಕಟ್ಟುನಿಟ್ಟಿಲ್ಲ. ಆದರೂ ಮನಸ್ಸುಳ್ಳವರು ಬಸದಿಯಲ್ಲಿ ತೆಂಗಿನಕಾಯಿ ಇಟ್ಟು, ಮೂಡಣಕ್ಕೆ ಇಂಥ ಊರು, ಪಡುವಣಕ್ಕೆ ಇಂಥ ಊರು, ಅದರಾಚೆ ನಾಲ್ಕು ತಿಂಗಳು ಕಾಲಿಡುವುದಿಲ್ಲ ಎಂದು ತಮಗೆ ತಾವೇ ಗಡಿ ಹಾಕಿಕೊಳ್ಳುತ್ತಾರೆ. ಗಡಿ ಎಲ್ಲಿ ಎಂಬುದು ಅವರವರ ಇಷ್ಟ. ಹಾಕಿಕೊಂಡ ಮೇಲೆ ಇಷ್ಟದ ಮಾತಿಲ್ಲ.

ನನ್ನ ಅಕ್ಕ ಗಡಹಿಂಗ್ಲಜಕ್ಕೆ ಸೊಸೆಯಾಗಿ ಹೋದ ವರ್ಷದಿಂದ ಈ ನಿಯಮ ತಪ್ಪಿಸಿಲ್ಲ. ಮೂಡಣಕ್ಕೆ ಸಂಕೇಶ್ವರ, ಪಡುವಣಕ್ಕೆ ಆಜರಾ. ಬಡಗಣಕ್ಕೆ ತವರೂರು ಇಚಲಕರಂಜಿ, ಯಾಕೆಂದರೆ ತವರನ್ನೂ ಬಿಟ್ಟರೆ ಅದು ವ್ರತವಲ್ಲ, ವನವಾಸ. ತೆಂಕಣದಲ್ಲಿ ಅವಳಿಗೆ ಏನೂ ಕೆಲಸವಿರಲಿಲ್ಲವಾಗಿ ಸ್ವಂತ ಹೊಲದ ಬದುವೇ ಗಡಿ. ನಾನು ಇಂಥ ಯಾವ ನಿಯಮವನ್ನೂ ತೆಗೆದುಕೊಂಡವನಲ್ಲ. ತಮ್ಮನಾಗಿ ಹುಟ್ಟಿದ ತಪ್ಪಿಗೆ ಅಕ್ಕನ ನಿಯಮಗಳನ್ನು ಕಾಯುವ ಕೆಲಸ ಮಾತ್ರ ನನ್ನ ಪಾಲಿಗೆ ಬಂದಿದೆ.

ಅವಳ ಮನೆ ಇರುವುದು ಅಂಬೋಲಿ ಘಾಟಿಗೆ ಹೋಗುವ ರಸ್ತೆಯ ಮೇಲೆ. ಆಷಾಢ, ಶ್ರಾವಣದ ಪ್ರತಿ ರವಿವಾರ ಕೊಲ್ಹಾಪುರ ಕಡೆಯ ಗಾಡಿಗಳು ಹಾಡು ಹಾಕಿಕೊಂಡು ಧಬಧಬಿ, ಅಂದರೆ ಅಲ್ಲಿಯ ಜಲಪಾತ, ನೋಡಲು ಆ ದಾರಿಯಲ್ಲೇ ಹೋಗುತ್ತವೆ. ಸಂಜೆ ತೊಯ್ದ ಬಟ್ಟೆಗಳನ್ನು ಕಿಟಕಿಗೆ ಕಟ್ಟಿಕೊಂಡು ತಿರುಗಿ ಬರುತ್ತವೆ. ಐವತ್ತು ಮಳೆಗಾಲ ಅಕ್ಕ ಈ ಮೆರವಣಿಗೆಯನ್ನು ಕಟ್ಟೆಯ ಮೇಲೆ ಕುಳಿತು ನೋಡಿದ್ದಾಳೆ. ದೀಪಾವಳಿ ಕಳೆದು ಗಡಿ ಬಿಚ್ಚಿದ ಮೇಲೆ ನಾವೂ ಹೊರಡುತ್ತಿದ್ದೆವು. ಒಮ್ಮೆ ಮಾಘಮಾಸದಲ್ಲಿ ಅವಳನ್ನು ಗೋಕಾಕಕ್ಕೆ ಕರೆದುಕೊಂಡು ಹೋಗಿದ್ದೆ. ದೊಡ್ಡದೊಂದು ಬಂಡೆ, ಅದರ ಮೇಲೆ ಯಾರೋ ನಲ್ಲಿ ಬಿಗಿಯಾಗಿ ಮುಚ್ಚಲು ಮರೆತಂತೆ ಒಂದು ಎಳೆ ನೀರು. ಅಕ್ಕ ಬಹಳ ಹೊತ್ತು ನೋಡಿ, "ಧಬಧಬಿ ಎಲ್ಲೋ ಊರಿಗೆ ಹೋದಂಗ ಐತಿ. ಅದಕ್ಕೇನು ನಿಯಮಾ ನೇಮಾ?" ಎಂದು ಬಸ್ ಹತ್ತಿದ್ದಳು.

ಈ ವರ್ಷ ಅವಳಿಗೆ ಎಪ್ಪತ್ತನಾಲ್ಕು. ಚಾತುರ್ಮಾಸಕ್ಕೆ ಎರಡು ದಿನ ಮೊದಲು ಫೋನು ಬಂತು.

"ತಮ್ಮಾ, ಈ ಸಲ ಪಡುವಣದ ಗಡಿ ಸರಸಾಕತ್ತೇನಿ."

"ಎಲ್ಲಿತನಾ?"

"ನಮ್ಮ ಹೊಳಿ ಹುಟ್ಟೂ ಜಾಗಾತನಾ. ಹಿರಣ್ಯಕೇಶಿ ಹುಟ್ಟೂದು ಅಂಬೋಲ್ಯಾಗ ಹೌದಲ್ಲ? ಧಬಧಬಿ ಇರೂದೂ ಅಂಬೋಲ್ಯಾಗ. ಅಂದ್ರ ನಮ್ಮ ಹೊಳೀನ ಅಲ್ಲಿ ಬೀಳತೈತಿ. ಖರೇ ಇಲ್ಲ?"

"ಖರೇ ಐತಲ್ಲ," ಎಂದೆ ನಾನು. ತರ್ಕಕ್ಕೆ ಒಂದು ಎಳೆಯೂ ತಪ್ಪಿರಲಿಲ್ಲ. ಇಚಲಕರಂಜಿ ಪಕ್ಕದ ಕೊರೋಚಿಯ ಮಗ್ಗಗಳಿಂದ ಬಂದ ಬಟ್ಟೆಯಲ್ಲಿ ದೋಷ ಹುಡುಕುವುದೇ ನಲವತ್ತು ವರ್ಷ ನನ್ನ ಉದ್ಯೋಗವಾಗಿತ್ತು. ಈ ಬಟ್ಟೆಯಲ್ಲಿ ನನಗೆ ದೋಷ ಕಾಣಲಿಲ್ಲ. ಅಕ್ಕ ಬಸದಿಯಲ್ಲಿ ಕಾಯಿ ಇಟ್ಟು, ಪಡುವಣಕ್ಕೆ ಹಿರಣ್ಯಕೇಶಿ ಹುಟ್ಟುವ ಜಾಗದವರೆಗೆ ಎಂದು ನುಡಿದಳು. ಭೂಗೋಳ ಅಲ್ಲಿ ಹಾಜರಿರಲಿಲ್ಲ.

ನಾನು ಕೊಲ್ಹಾಪುರದಿಂದ ಹೊರಡುವ ಒಂದು ದಿನದ ಪ್ರವಾಸಕ್ಕೆ ಎರಡು ಸೀಟು ಹಿಡಿದೆ. ಅದರ ಮುಖ್ಯಸ್ಥ ನಲವತ್ತೈದರ ಆಸುಪಾಸಿನ ಗೈಡು. ಹಳದಿ ರೇನ್‌ಕೋಟು, ಕೊರಳಲ್ಲಿ ಸೀಟಿ, ಕೈಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಪಟ್ಟಿ. ಪಟ್ಟಿಯಲ್ಲಿ ಏಳು ಪಾಯಿಂಟುಗಳು. ನಿಸರ್ಗವು ಏಳು ಕಡೆ ಸುಂದರವಾಗಿರುವುದೆಂದೂ ನಡುವಿನ ಜಾಗದಲ್ಲಿ ಅದಕ್ಕೆ ಆ ಅಧಿಕಾರವಿಲ್ಲವೆಂದೂ ಅವನ ಸಿದ್ಧಾಂತ. ಮೈಕು ಹಿಡಿದು ಮೊದಲು ಮರಾಠಿಯಲ್ಲಿ, ಆಮೇಲೆ ನಮ್ಮ ಮುಖ ನೋಡಿ ಕನ್ನಡದಲ್ಲಿ ಸಾರಿದ: "ಪಾಯಿಂಟ್ ಬಿಟ್ಟು ಬಸ್ ಎಲ್ಲೂ ನಿಲ್ಲೂದಿಲ್ರಿ. ಇಳೀರಿ ಅಂದಾಗ ಇಳೀಬೇಕು, ಹತ್ತರಿ ಅಂದಾಗ ಹತ್ತಬೇಕು."

ಗಡಹಿಂಗ್ಲಜದಲ್ಲಿ ಅಕ್ಕ ಹತ್ತಿದಳು. ಒಂದು ಕೈಯಲ್ಲಿ ಬುತ್ತಿ, ಇನ್ನೊಂದರಲ್ಲಿ ಮನೆಯಲ್ಲಿ ಅರಿವೆಯಿಂದ ಸೋಸಿದ ನೀರಿನ ಸ್ಟೀಲ್ ಡಬ್ಬಿ. ಹೊಸ ಇಳಕಲ್ ಸೀರೆ ಉಟ್ಟಿದ್ದಳು.

"ಮಳ್ಯಾಗ ಇದನ್ಯಾಕ ಉಟಗೊಂಡಿ?" ಎಂದೆ.

"ಅವ್ವನ ಮನೀಗೆ ಹೊಂಟೇನಿ. ಹೊಳಿ ತವರಮನೀ ಅದು."

ಆಜರಾ ದಾಟುವಾಗ ಅವಳು ಕಿಟಕಿಯ ಕಂಬಿ ಹಿಡಿದುಕೊಂಡಳು. ಚಾತುರ್ಮಾಸದಲ್ಲಿ ಆ ಊರಿನಾಚೆಯ ಮರಗಳನ್ನು ಅವಳು ಮೊದಲ ಸಲ ನೋಡುತ್ತಿದ್ದಳು. ಮುಂದೆ ಮಂಜು ಕವಿಯಿತು. ಗೈಡು ಎರಡು ಪಾಯಿಂಟುಗಳಲ್ಲಿ ನಮ್ಮನ್ನು ಇಳಿಸಿ ಕಣಿವೆ ತೋರಿಸಿದ. ಕಂಡದ್ದು ಬಿಳಿ ಗೋಡೆ. "ಈಗ ಕಾಣೂದಿಲ್ಲ ಖರೆ, ಆದ್ರ ಭಾಳ ಆಳ ಐತ್ರಿ," ಎಂದು ಭರವಸೆ ಕೊಟ್ಟ. ಕಾಣದ್ದನ್ನು ನಂಬುವುದು ನಮ್ಮ ಜನಕ್ಕೆ ಹೊಸದಲ್ಲ. ಎಲ್ಲರೂ ಗೋಡೆಗೆ ಬೆನ್ನು ಕೊಟ್ಟು ಫೋಟೋ ತೆಗೆಸಿಕೊಂಡರು.

ಮೂರನೆಯ ಪಾಯಿಂಟೇ ಹಿರಣ್ಯಕೇಶಿಯ ಮೂಲ. ಗುಡ್ಡದ ಗವಿಯೊಳಗಿಂದ ನೀರು ಸದ್ದಿಲ್ಲದೆ ಹೊರಗೆ ಬರುತ್ತದೆ, ಒಂದು ಸಣ್ಣ ಗುಡಿ, ಒಂದು ಕುಂಡ. ಅಕ್ಕ ಬಗ್ಗಿ ನೀರಿಗೆ ಕೈ ಮುಗಿದಳು. ಆಮೇಲೆ ಸೊಂಟ ನೆಟ್ಟಗೆ ಮಾಡಿ ಗೈಡನ್ನು ಕೇಳಿದಳು: "ಎಲ್ಲೈತ್ರೀ, ಇದು ಬೀಳೂದು?"

"ಇದೆಲ್ಲಿ ಬೀಳತೈತಿ ಆಜೀ? ಇದು ಸುಮ್ನ ಹರಕೋತ ನಿಮ್ಮೂರಿಗೆ ಬರೂದು. ಧಬಧಬಿ ಬ್ಯಾರೆ. ಅದು ಇನ್ನೂ ಮುಂದ, ಘಾಟಿನ್ಯಾಗ. ಆ ನೀರು ಕೊಂಕಣಕ್ಕ ಇಳೀತೈತಿ."

"ಇಲ್ಲಿಂದ ಆಚೀಗೇನು?"

"ಹೌದ್ರಿ, ಆಚೀಗೆ. ಏಳನೇ ಪಾಯಿಂಟು."

ಅಕ್ಕ ನನ್ನ ಕಡೆ ನೋಡಿದಳು. ನಾನು ಗುಡಿಯ ಕಡೆ ನೋಡಿದೆ.

"ಹಂಗಾದ್ರ ನಾ ಬರೂದಿಲ್ರಿ," ಎಂದಳು. "ನನ್ನ ಗಡಿ ಇಲ್ಲಿಗೆ ಮುಗೀತು."

ನಿಯಮದ ಸಂಗತಿ ಬಿಡಿಸಿ ಹೇಳಬೇಕಾಯಿತು. ಹೇಳಿದ ಕೂಡಲೇ ಇಡೀ ಬಸ್ಸು ಧರ್ಮಶಾಸ್ತ್ರದ ಸಭೆಯಾಯಿತು. ಹುಪರಿಯಲ್ಲಿ ಬೆಳ್ಳಿ ಕೆಲಸ ಮಾಡುವ ಮನೆಯ ಒಬ್ಬ ಹೆಣ್ಣುಮಗಳು ಮೊದಲು ದಾರಿ ತೋರಿಸಿದಳು: "ಆಯೀ, ಬಸ್ಸಿನ್ಯಾಗ ಕುಂತ ನೋಡ್ರಿ. ಕಾಲ ನೆಲಕ್ಕ ಹತ್ತೂದಿಲ್ಲ, ನಿಯಮಾ ಮುರಿಯೂದಿಲ್ಲ."

"ಗಾಲಿ ಬಸ್ಸಿಂದು, ಖರೆ. ಕುಂತಾಕಿ ನಾನ ಅಲ್ಲೇನವಾ?"

"ಮುನಿ ಮಹಾರಾಜರ ಕಡೆ ಹೋಗಿ ಪ್ರಾಯಶ್ಚಿತ್ತ ತಗೊಂಡ್ರ ಆತ್ರಿ," ಎಂದರು ಟೋಪಿಯ ಹಿರಿಯರೊಬ್ಬರು.

"ಪ್ರಾಯಶ್ಚಿತ್ತ ಇರೂದು ಜಾರಿ ಬಿದ್ದವರಿಗೆ ಅಣ್ಣಾ. ನೋಡಿ ನೋಡಿ ಹಾರಿದವರಿಗಲ್ಲ."

ಗೈಡಿಗೆ ಹೊತ್ತಾಗುತ್ತಿತ್ತು. ದನಿ ತಗ್ಗಿಸಿ, "ಆಜೀ, ಇಲ್ಲಿ ನಿಮ್ಮೂರವರು ಯಾರದಾರ? ಯಾರು ನೋಡ್ತಾರ?" ಎಂದ.

"ನಾ ಇರ್ತೇನಲ್ಲ," ಎಂದಳು ಅಕ್ಕ.

ಗೈಡು ನನ್ನನ್ನು ಹಿಡಿದ: "ಕಾಕಾ, ನೀವರ ಹೇಳ್ರಿ."

"ನಾ ಹೇಳಿದ್ದಕ್ಕನ ಇಷ್ಟು ಆಗೇತ್ರಿ," ಎಂದೆ.

ಕೊನೆಗೆ ಒಪ್ಪಂದವಾಯಿತು. ಅಂಬೋಲಿ ಊರು ಗಡಿಯೊಳಗೇ ಇದೆ, ಬಸ್ಸು ಹೇಗೂ ಊರಿಗೆ ತಿರುಗಿ ಬಂದೇ ಘಾಟು ಇಳಿಯಬೇಕು. ನಮ್ಮಿಬ್ಬರನ್ನು ಅಲ್ಲಿ ಚಹಾದಂಗಡಿಯಲ್ಲಿ ಬಿಟ್ಟು, ಸಂಜೆ ಕರೆದುಕೊಳ್ಳುವುದು. ಗೈಡು ಪಟ್ಟಿಯನ್ನು ಎದೆಗೆ ಒತ್ತಿ ಹಿಡಿದು ನಮ್ಮನ್ನು ನೋಡಿದ. ಏಳರಲ್ಲಿ ಮೂರಕ್ಕೇ ಕೈಬಿಟ್ಟವರನ್ನು ಅವನು ಇದುವರೆಗೆ ಕಂಡಿರಲಿಕ್ಕಿಲ್ಲ.

ಅಕ್ಕ ಕಿಟಕಿಯ ಪಕ್ಕ ಕುಳಿತಳು. ಬಸ್ಸು ಊರ ಕಡೆ ಹೊರಟಿತು. ಐವತ್ತು ವರ್ಷ ಕಾದು, ಗಡಿ ಸರಿಸಿ, ಹೊಸ ಸೀರೆ ಉಟ್ಟು ಬಂದವಳು ಧಬಧಬಿಯ ಸಪ್ಪಳವನ್ನೂ ಕೇಳದೆ ಹೊರಟಿದ್ದಳು. ಅದಕ್ಕೆ ಕಾರಣ ನಾನು. ಸಮಾಧಾನ ಹೇಳೋಣವೆಂದು ಬಾಯಿ ತೆರೆದೆ.

"ಸುಮ್ನಿರು," ಎಂದಳು. "ಸಪ್ಪಳಾ ಕೇಳು."

ಮಳೆ ಜೋರಾಗಿತ್ತು. ಒಂದು ತಿರುವಿನಲ್ಲಿ, ಗಡಿಯ ಈಚೆಗೇ, ರಸ್ತೆಯ ಬಲಕ್ಕೆ, ಎರಡು ಮಾಳಿಗೆ ಎತ್ತರದ ಬಂಡೆಯ ಮೇಲಿಂದ ನೀರು ಸುರಿಯುತ್ತಿತ್ತು. ಬೋರ್ಡಿಲ್ಲ, ಕಟಾಂಜನವಿಲ್ಲ, ಮೆಕ್ಕೆಜೋಳದ ಭುಟ್ಟಾ ಸುಡುವವನಿಲ್ಲ. ಅಂಥವು ಆ ಗುಡ್ಡದಲ್ಲಿ ಆ ದಿನ ನೂರು ಇದ್ದಿರಬೇಕು. ಅಕ್ಕ ಎದ್ದು ನಿಂತಳು.

"ನಿಂದರಸ್ರಿ!"

"ಆಜೀ, ಅದು ಪಾಯಿಂಟ್ ಅಲ್ರಿ," ಎಂದ ಗೈಡು.

"ನೀರು ಮ್ಯಾಲಿಂದ ಕೆಳಗ ಬೀಳಾಕತ್ತೇತೋ ಇಲ್ಲೋ?"

"ಬೀಳಾಕತ್ತೇತ್ರಿ, ಆದ್ರ ಲಿಸ್ಟಿನ್ಯಾಗ ಇಲ್ಲ. ಅದಕ್ಕ ಹೆಸರ ಇಲ್ಲ."

"ನನಗೂ ನಿಮ್ಮ ಲಿಸ್ಟಿನ್ಯಾಗ ಹೆಸರಿಲ್ಲ. ಸೀಟು ಹನ್ನೊಂದು ಅಂತ ಬರದೀರಿ. ನಾ ಇಲ್ಲೇನು?"

ಬೆಳಗಿನಿಂದ ಒಂದು ಮಾತೂ ಆಡದಿದ್ದ ಡ್ರೈವರು ಆಗ ಬ್ರೇಕ್ ಒತ್ತಿದ.

ಅಕ್ಕ ಚಪ್ಪಲಿ ಬಸ್ಸಿನಲ್ಲೇ ಬಿಟ್ಟು ಇಳಿದಳು. ನಾನು ಛತ್ರಿ ಹಿಡಿದು ಹಿಂದೆ. ನೀರಿನ ಕೆಳಗೆ ಯಾರಾದರೂ ಛತ್ರಿ ಹಿಡಿಯುತ್ತಾರೆಯೇ ಎಂದು ಹುಪರಿಯ ಹೆಣ್ಣುಮಗಳು ಕಿಟಕಿಯಿಂದ ನಕ್ಕಳು. ನಾನು ಮರ್ಯಾದೆಗಾಗಿ ಅದನ್ನು ಮಡಚಲಿಲ್ಲ. ಅಕ್ಕ ಸೆರಗನ್ನು ಬಾಯಿಗೆ ಅಡ್ಡ ಕಟ್ಟಿಕೊಂಡಳು. ಸೋಸದ ನೀರು ಅವಳ ಗಂಟಲಿಗೆ ಎಂದೂ ಇಳಿದಿಲ್ಲ, ಇವತ್ತೂ ಇಳಿಯಕೂಡದು. ಒಂದೊಂದೇ ಕಲ್ಲನ್ನು ಅಂಗಾಲಿನಿಂದ ಪರೀಕ್ಷೆ ಮಾಡುತ್ತ, ನನ್ನ ಮೊಣಕೈ ಹಿಡಿದು, ಬಂಡೆಯ ಬುಡಕ್ಕೆ ಹೋಗಿ ನಿಂತಳು. ನೀರು ನೆತ್ತಿಯ ಮೇಲೆ ಬಿತ್ತು. ಒಮ್ಮೆ ಬಗ್ಗಿದಳು, ಬಿದ್ದೇ ಹೋದಳೆಂದುಕೊಂಡೆ, ಮತ್ತೆ ನೆಟ್ಟಗಾದಳು.

"ಅಕ್ಕಾರ, ನೀರಾಗ ಜೀವ ಇರ್ತಾವು ಅಂತೀರಲ್ಲ ನೀವು!" ಎಂದು ಟೋಪಿಯ ಹಿರಿಯರು ಬಾಗಿಲಿನಿಂದ ಕೂಗಿದರು.

ಅಕ್ಕ ಸೆರಗು ಸರಿಸದೆ ಒಳಗಿಂದಲೇ ಕೂಗಿದಳು: "ಅವು ತಾವ ಮ್ಯಾಲಿಂದ ಬರಾಕತ್ತಾವ. ನಾ ಕರದಿಲ್ಲ!"

ಗೈಡು ಸೀಟಿ ಊದಿದ. ಎರಡು ಸಲ ಊದಿದ. ನೀರಿನ ಸದ್ದಿನಲ್ಲಿ ಅದು ಹಕ್ಕಿಯ ದನಿಯಷ್ಟು ಸಣ್ಣದಾಗಿ ಕೇಳಿಸಿತು. ಅಕ್ಕ ಕಣ್ಣು ಮುಚ್ಚಿ ನಿಂತೇ ಇದ್ದಳು. ಎಷ್ಟು ಹೊತ್ತು ಎಂದು ನಾನು ಹೇಳಲಾರೆ, ಗಡಿಯಾರದೊಳಗೆ ನೀರು ಹೋಗಿತ್ತು. ಸಾಕು ಅನ್ನಿಸಿದಾಗ ತಾನಾಗಿ ಹೊರಗೆ ಬಂದಳು, ಬಸ್ಸು ಹತ್ತಿದಳು, ತೊಯ್ದ ಸೀರೆಯಲ್ಲೇ ಹನ್ನೊಂದನೆಯ ಸೀಟಿನಲ್ಲಿ ಕುಳಿತಳು. ಗೈಡು ಸೀಟಿಯನ್ನು ರೇನ್‌ಕೋಟಿನೊಳಗೆ ಸೇರಿಸಿದ.

ಊರಿನ ಚಹಾದಂಗಡಿಯಲ್ಲಿ ನಾವಿಬ್ಬರು ಇಳಿದೆವು, ಬಸ್ಸು ಘಾಟಿಗೆ ಹೋಯಿತು. ಅಂಗಡಿಯವಳು ಅಕ್ಕನಿಗೆ ತನ್ನದೊಂದು ಒಣ ಸೀರೆ ಕೊಟ್ಟು ಒಲೆಯ ಪಕ್ಕ ಕೂರಿಸಿದಳು. ಹೊತ್ತು ಮುಳುಗುವ ಮೊದಲು ನಮ್ಮ ಜೈನರ ಊಟವಾಗಬೇಕು. ಸೂರ್ಯ ಬೆಳಗಿನಿಂದ ಕಾಣಿಸಿರಲಿಲ್ಲವಾಗಿ ಸಂಶಯಕ್ಕೆ ಎಡೆಗೊಡದೆ ಐದಕ್ಕೇ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ಮುಗಿಸಿದೆವು.

ಆರರ ಸುಮಾರಿಗೆ ಬಸ್ಸು ಬಂತು. ಏಳನೆಯ ಪಾಯಿಂಟಿನಲ್ಲಿ ಗಾಡಿಗಳ ಜಾತ್ರೆಯಂತೆ, ಜನರ ತಲೆಗಳ ನಡುವೆ ನೀರು ಹುಡುಕಬೇಕಾಯಿತಂತೆ. ಆದರೂ ಹುಪರಿಯ ಹೆಣ್ಣುಮಗಳು ನಮ್ಮ ಮೇಲಿನ ಮಮತೆಯಿಂದ ಮೊಬೈಲಿನಲ್ಲಿ ವಿಡಿಯೋ ತಂದಿದ್ದಳು. "ನಿಮಗಂತನ ತಗದೇನಿ ಆಯೀ, ನೋಡ್ರಿ, ಹೆಂಗ ಬೀಳತೈತಿ!"

ಅಕ್ಕ ಅಂಗೈಯಿಂದ ಪರದೆ ಮುಚ್ಚಿದಳು. "ಬ್ಯಾಡವಾ. ಈಗ ತೋರ್ಸಿ ಕೆಡಸಬ್ಯಾಡ. ಮುಂದಿನ ವರ್ಷ ನಾನ ಬಂದು ನೋಡ್ತೇನಿ."

"ನಿಯಮಾ ಬಿಡ್ತೀರೇನು?"

"ಯಾಕ ಬಿಡ್ಲಿ? ಗಡಿ ಹಾಕಾಕಿ ನಾನು." ಆಮೇಲೆ ಗೈಡಿನ ಕಡೆ ತಿರುಗಿದಳು. "ಖರೇನ ಹೇಳ್ರಿ ಮತ್ತ. ನನ್ನ ತಮ್ಮನ್ನ ನಂಬಿ ಒಮ್ಮೆ ಕೆಟ್ಟೇನಿ. ಆ ನೀರು ಬಿದ್ದು ಎಲ್ಲಿಗೆ ಹೋಗಿ ಮುಟ್ಟತೈತಿ?"

ಗೈಡು ಪಟ್ಟಿ ನೋಡಿದ. ಅದರಲ್ಲಿರಲಿಲ್ಲ. "ಕೊಂಕಣದಾಗ ಹರದು ಸಮುದ್ರಕ್ಕರಿ, ಮತ್ತೆಲ್ಲಿಗೆ?"

ಅಕ್ಕ ಬೆರಳು ಮಡಿಸಿ ಲೆಕ್ಕ ಹಾಕಿದಳು. ಎಪ್ಪತ್ತೈದಕ್ಕೆ ಎಷ್ಟು ದೂರ ತಕ್ಕದ್ದು ಎಂಬ ವಿಚಾರ ಇದ್ದಿರಬಹುದೆಂದು ನಾನು ಭಾವಿಸಿದೆ. ಹಾಗೇನೂ ಇರಲಿಲ್ಲ.

"ಬರಕೋ ತಮ್ಮಾ," ಎಂದಳು.

ನಾನು ಟಿಕೀಟಿನ ಹಿಂಬದಿಯಲ್ಲಿ ಬರೆದುಕೊಂಡೆ: ಪಡುವಣಕ್ಕೆ ಸಮುದ್ರ.