ಹಚ್ಚೆ ಅಂಗಡಿಯ ಹಬೆಯಕ್ಕ

ಬೆಳಗಿನ ಆರು ಗಂಟೆ. ಹಚ್ಚೆ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಉಪಕರಣಗಳ ರೋಗಾಣು ಕೊಲ್ಲುವ ಹಬೆಯ ಯಂತ್ರ ಬುಸುಗುಡುತ್ತಿದೆ. ಹಚ್ಚೆ ಸೂಜಿ ಸಿಕ್ಕಿಸುವ ಉಕ್ಕಿನ ಹಿಡಿಗಳನ್ನು ಕಾಗದದ ಲಕೋಟೆಗಳಿಗೆ ತುಂಬಿ, ಒಂದಕ್ಕೊಂದು ತಾಗದಂತೆ ಯಂತ್ರದೊಳಗೆ ನಿಲ್ಲಿಸಿದವರು ಐವತ್ತಮೂರರ ಈ ಹೆಂಗಸು. ಅಂಗಡಿಯವರ ಬಾಯಲ್ಲಿ ಇವರು ಹಬೆಯಕ್ಕ. ದಿನಕ್ಕೆ ಎರಡು ಸಲ, ನೂರ ಇಪ್ಪತ್ತೊಂದು ಡಿಗ್ರಿಯಲ್ಲಿ ಮೂವತ್ತು ನಿಮಿಷ. ಹಬೆ ಸರಿಯಾಗಿ ತಾಗಿದರೆ ಲಕೋಟೆಯ ಮೇಲಿನ ಗುರುತು ಕಪ್ಪಾಗುತ್ತದೆ; ಆಗದಿದ್ದರೆ ಮತ್ತೆ ಮೊದಲಿನಿಂದ.

"ಒತ್ತೊತ್ತಾಗಿ ತುಂಬಿದ್ರೆ ಹಬೆ ಒಳಗೆ ಹೋಗಲ್ಲ. ಬೇಗ ಮುಗಿಸೋಣ ಅನ್ನೋರು ಮಾಡೋ ತಪ್ಪೇ ಅದು," ಎನ್ನುತ್ತಾರೆ.

ಹದಿನಾಲ್ಕು ವರ್ಷ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಉಪಕರಣ ತೊಳೆದ ಕೈ ಇದು. ಇಲ್ಲಿಗೆ ಬರಲು ಕಾರಣ ತಮ್ಮ. ಹತ್ತೊಂಬತ್ತನೇ ವಯಸ್ಸಿನಲ್ಲಿ ಏಳು ಗೆಳೆಯರೊಂದಿಗೆ ಒಂದೇ ಸೂಜಿಯಲ್ಲಿ ತೋಳಿಗೆ ಹುಲಿ ಬರೆಸಿಕೊಂಡ. ಯಕೃತ್ತಿನ ಸೋಂಕು ಗೊತ್ತಾಗುವ ಹೊತ್ತಿಗೆ ಹದಿನೈದು ವರ್ಷ ಕಳೆದಿತ್ತು. "ಹುಲಿ ಚೆನ್ನಾಗೇ ಇತ್ತು. ಅವನೇ ಸೊರಗಿಹೋದ," ಎನ್ನುವಾಗಲೂ ದನಿ ಏರುವುದಿಲ್ಲ. ಈ ಅಂಗಡಿಯಲ್ಲಿ ಒಬ್ಬೊಬ್ಬರಿಗೂ ಹೊಸ ಸೂಜಿ, ಪೊಟ್ಟಣ ಒಡೆಯುವುದೂ ಗಿರಾಕಿಯ ಕಣ್ಣೆದುರೇ.

ಹತ್ತು ಗಂಟೆಗೆ ಒಬ್ಬ ಯುವತಿ ಬರುತ್ತಾಳೆ. ಕೈಯಲ್ಲಿ ತೀರಿಹೋದ ತಾಯಿ ಬರೆದಿಟ್ಟಿದ್ದ ಚೀಟಿ: 'ಉಂಡು ಹೋಗು'. ಅದೇ ಅಕ್ಷರ, ಅದೇ ವಾಲಿಕೆ ಮುಂಗೈ ಮೇಲೆ ಬೇಕು. ಹಚ್ಚೆ ಹಾಕುವ ಯಜಮಾನ ಕೈಗವಸು ತೊಡುತ್ತಾನೆ. ಹಬೆಯಕ್ಕನ ಕಣ್ಣು ಅವಳ ಕಿವಿಯ ಮೇಲಿದೆ. ಚುಚ್ಚಿಸಿದ ಕಡೆ ಕಡಲೆಕಾಳಿನಷ್ಟು ಗಂಟು.

"ಇದು ಯಾವಾಗಿಂದಮ್ಮ?"

"ಚುಚ್ಚಿಸಿದಾಗಿಂದ ಆಂಟಿ. ಎಲ್ಲಿ ಗಾಯ ಆದ್ರೂ ನಂಗೆ ಹೀಗೇ."

"ಹಾಗಾದ್ರೆ ಅಕ್ಷರಾನೂ ಗಂಟು ಕಟ್ಟಬಹುದು. ಆಮೇಲೆ ನಿಮ್ಮಮ್ಮನ ಬರಹ ಅಂತ ನಿಂಗೇ ಗುರುತು ಸಿಗಲ್ಲ. ಮೊದಲು ಚರ್ಮದ ಡಾಕ್ಟರಿಗೆ ತೋರಿಸು."

ಯಜಮಾನ ಗೊಣಗುತ್ತಾನೆ: "ಅಕ್ಕ, ನೀವು ಇಲ್ಲಿ ಕೆಲಸಕ್ಕಿದ್ದೀರೋ, ಅಂಗಡಿಗೆ ಬೀಗ ಹಾಕೋಕಿದ್ದೀರೋ?"

"ನಿನ್ನ ಕೈ ಮೇಲೆ ನಂಬಿಕೆ ಇದೆಯಪ್ಪ. ಬಾ, ನೀನೇ ನೋಡು."

ಅವನು ಬಗ್ಗಿ ಕಿವಿ ನೋಡುತ್ತಾನೆ. ಕೈಗವಸು ಕಳಚುತ್ತಾನೆ.

ಯುವತಿಯ ಮುಖ ಸಣ್ಣದಾಗುತ್ತದೆ. ಹಬೆಯಕ್ಕ ಚೀಟಿಯನ್ನು ಬೆಳಕಿಗೆ ಹಿಡಿಯುತ್ತಾರೆ. "ಮಡಿಕೆ ಹತ್ರ ಹರೀತಾ ಇದೆ ನೋಡು. ಹೋಗೋ ದಾರೀಲಿ ಇದಕ್ಕೊಂದು ಗಾಜಿನ ಚೌಕಟ್ಟು ಹಾಕಿಸು, ಮಗಳೇ."

ಹೀಗೆ ಎಷ್ಟು ಜನರನ್ನು ವಾಪಸು ಕಳಿಸಿದ್ದಾರೋ, ಅವರು ಎಣಿಸಿಲ್ಲ. "ಯಜಮಾನನ ಕೆಲಸ ಜನರ ಮೈಮೇಲೆ ಕಾಣುತ್ತೆ. ನಂದು ಕಂಡ್ರೆ ಕೀವು, ಕಾಯಿಲೆಯಾಗೇ ಕಾಣೋದು; ಕಾಣಬಾರದು," ಎನ್ನುತ್ತಾ ಮುಂದಿನ ಲಕೋಟೆ ಕೈಗೆತ್ತಿಕೊಳ್ಳುತ್ತಾರೆ. "ಇಲ್ಲಿಗೆ ಬಂದು ಒಂಬತ್ತು ವರ್ಷ ಆಯ್ತು. ದೇವರ ದಯೆ, ಇನ್ನೂ ಕಂಡಿಲ್ಲ."